ಬ್ರೇಕಿನ ಬುಡದ ವಾಲ್ವು

ಹಿರಿಯ ಮೆಕ್ಯಾನಿಕ್‌ಗೆ ಬೆಳಿಗ್ಗೆಯಿಂದಲೇ ಒಳಗೊಳಗೇ ಉರಿ. ಹೊಟ್ಟೆಕಿಚ್ಚು ಎಂದೇ ಹೇಳಿಬಿಡೋಣ, ಮುಚ್ಚುಮರೆ ಯಾಕೆ? ಹೊಸ ಶೆಡ್ಡಿನ ಉಸ್ತುವಾರಿ ಯಾರಿಗೆಂದು ಯಜಮಾನರು ಸಂಜೆ ಹೇಳುವವರಿದ್ದರು. ಇಪ್ಪತ್ತೆರಡು ವರ್ಷ ಗ್ರೀಸು ಮೆತ್ತಿಕೊಂಡವನನ್ನು ಬಿಟ್ಟು ಅವರ ಕಣ್ಣು ಅವನ ಭಾಮೈದನ ಮೇಲಿತ್ತು. ಹೆಂಡತಿಯ ತಮ್ಮನೆಂದು ತಾನೇ ಕರೆತಂದು, ಸ್ಪ್ಯಾನರ್ ಹಿಡಿಯಲು ಕಲಿಸಿದವನು! ಮನೆಗೆ ಹೋದರೆ ಅಲ್ಲೂ ತಮ್ಮನದೇ ಗುಣಗಾನ.

ಅವತ್ತು ಡಾಕ್ಟರಮ್ಮನ ಹಳೇ ಕಾರು ಬಂದಿತ್ತು. ಆಕ್ಸಿಲರೇಟರ್ ತುಳಿಯದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಹಾಕಿದರೆ, ಹಾಕಿದ ವೇಗ ಉಳಿಯದೆ ಇಳಿದುಬಿಡುತ್ತಿತ್ತು. ಆ ಕಾಲದ ಕಾರಿನಲ್ಲಿ ಈ ಕೆಲಸಕ್ಕೆ ಬೇರೆ ಮೋಟಾರಿಲ್ಲ. ಎಂಜಿನ್ ಗಾಳಿ ಹೀರುವ ಸೆಳೆತವೇ ರಬ್ಬರ್ ಕೊಳವೆಯಲ್ಲಿ ಹಾದು, ಡಬ್ಬಿಯೊಳಗಿನ ಪೊರೆಯನ್ನು ಎಳೆಯುತ್ತದೆ. ಪೊರೆ ಆಕ್ಸಿಲರೇಟರಿನ ಕೇಬಲ್ಲನ್ನು ಎಳೆದು ಹಿಡಿಯುತ್ತದೆ. ಬ್ರೇಕ್ ತುಳಿದರೆ ಪೆಡಲಿನ ಬುಡದ ಪುಟ್ಟ ವಾಲ್ವು ತೆರೆದು ಹೊರಗಿನ ಗಾಳಿ ಒಳನುಗ್ಗಬೇಕು, ಆಗ ಕೇಬಲ್ಲಿನ ಹಿಡಿತ ಸಡಿಲ. ಆ ಕಾರಿನಲ್ಲಿ ಕ್ರೂಸ್ ಆರಿಸುವ ಸ್ವಿಚ್ಚಿನ ತಂತಿ ಎಂದೋ ತುಂಡಾಗಿ, ಉಳಿದಿದ್ದ ದಾರಿ ಅದೊಂದೇ.

ಭಾಮೈದ ಕಿವಿಗೊಟ್ಟ. ಪೆಡಲಿನ ಬುಡದಲ್ಲಿ ಬುಸ್ಸೆನ್ನುವ ಸದ್ದು. ವಾಲ್ವು ಸವೆದಿತ್ತು, ಬದಲಿಸಬೇಕಿತ್ತು. ಪುಣ್ಯಾತ್ಮ ಅದನ್ನು ಸೋರುವ ತೂತೆಂದುಕೊಂಡು ಅಂಟು ಮೆತ್ತಿ ಮುಚ್ಚಿಬಿಟ್ಟ. ಕಾರಿನ ತೆರೆದ ಬಾಗಿಲಿನಿಂದ ಹಿರಿಯ ಎಲ್ಲವನ್ನೂ ನೋಡಿದ. ತಿದ್ದಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮಾಡಲಿ, ಯಜಮಾನರ ಮುಂದೆಯೇ ಮುಖಭಂಗವಾಗಲಿ ಎಂದುಕೊಂಡ.

ಮಧ್ಯಾಹ್ನ ಯಜಮಾನರು ಭಾಮೈದನ ಬೆನ್ನು ತಟ್ಟಿ, ಹೆದ್ದಾರಿಯಲ್ಲಿ ಓಡಿಸಿಕೊಂಡು ಬಾ ಎಂದರು. ಭಾಮೈದ ಎಂಜಿನ್ ಚಾಲೂ ಮಾಡಿದ. ಹಿರಿಯನಿಗೆ ಆಗಷ್ಟೇ ಹೆದ್ದಾರಿ ಕಣ್ಣಿಗೆ ಕಟ್ಟಿತು. ಬ್ರೇಕ್ ತುಳಿದರೂ ನುಗ್ಗುತ್ತಲೇ ಇರುವ ಕಾರು, ಎದುರಿಗೆ ಲಾರಿ ಬಂದರೆ? ಓಡಿಹೋಗಿ, ಕಿಟಕಿಯಲ್ಲಿ ಕೈ ತೂರಿಸಿ ಕೀಲಿ ತಿರುಗಿಸಿದ. ಇಷ್ಟು ಹೊಟ್ಟೆಕಿಚ್ಚೇನೋ ನಿನಗೆ ಎಂದು ಯಜಮಾನರು ರೇಗಿದರು.

"ಬ್ರೇಕಿನ ವಾಲ್ವಿಗೆ ಅಂಟು ಮೆತ್ತಿದಾನೆ. ತುಳಿದರೂ ಕ್ರೂಸ್ ಹಿಡಿತ ಬಿಡೋದಿಲ್ಲ."

ಯಜಮಾನರು ಬಗ್ಗಿ ನೋಡಿ ಬೆವರೊರೆಸಿಕೊಂಡರು. ಅನುಭವ ಅಂದರೆ ಇದು, ಹೊಸ ಶೆಡ್ಡು ನಿನ್ನದೇ ಎಂದು ಅಲ್ಲೇ ಹೇಳಿಬಿಟ್ಟರು. ಭಾಮೈದ ಮಾತ್ರ ಸೀಟು ಬಿಟ್ಟು ಏಳಲಿಲ್ಲ.

"ಭಾವ, ನಾನು ಅಂಟು ಹಾಕಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಯಜಮಾನರು ಪಕ್ಕದಲ್ಲೇ ನಿಂತಿದ್ದರು.

"ನೀನು ಹಾಕುವಾಗಲೇ."

ಯಜಮಾನರು ಆಫೀಸಿನ ಕಡೆ ತಿರುಗಿದರು. ಭಾಮೈದ ನಿಧಾನವಾಗಿ ಕೆಳಗಿಳಿದ.

"ನೋಡಿಯೂ ಸುಮ್ಮನಿದ್ದೆ ಅಂತ ಅಕ್ಕನಿಗೆ ಹೇಳಬೇಡಿ ಭಾವ," ಎಂದ. "ಅವಳು ತಡ್ಕೊಳ್ಳೋದಿಲ್ಲ."