ಗೋಡೆಯ ಮೇಲಿನ ಎರಡು ಗೂಟ

ಮೈಕಿಗೆ ತೊಡಿಸಿದ ಕಪ್ಪು ಸ್ಪಂಜಿನ ಟೊಪ್ಪಿ ಓರೆಯಾಗಿದೆ, ಯಾರಾದರೂ ಹೋಗಿ ನೆಟ್ಟಗೆ ಮಾಡಬಾರದೇ, ಇಷ್ಟು ದೊಡ್ಡ ಕಾಲೇಜು, ಇಷ್ಟೆಲ್ಲ ದೀಪ, ಮೀನು ಇಟ್ಟರೂ ಕೆಡದಷ್ಟು ತಣ್ಣಗಿನ ಏಸಿ, ಒಂದು ಟೊಪ್ಪಿ ಸರಿಪಡಿಸಲು ಮಾತ್ರ ಜನ ಇಲ್ಲ — ಮೊರಿಸ್ ಮೂರನೆಯ ಸಾಲಿನಲ್ಲಿ ಕೂತು ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದಾನೆ, ಉಗುರಿನ ಸಂದಿಯ ಗ್ರೀಸು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ದುಬೈಯ ರಾಸ್ ಅಲ್ ಖೋರ್ ವರ್ಕ್‌ಶಾಪಿನ ಇಪ್ಪತ್ತೇಳು ವರ್ಷದ ಗ್ರೀಸು, ಬೆಳಿಗ್ಗೆ ಹೆಂಡತಿ ಪ್ಯಾಟ್ರಿಶಿಯಾ ಆಸ್ಪತ್ರೆಯ ಡ್ಯೂಟಿಗೆ ಹೊರಡುವಾಗ ಹೇಳಿದ್ದು ಎರಡೇ ಮಾತು, ಕೈ ಸರಿ ತೊಳ್ಕೊಳ್ಳಿ, ಯಾರ ಹತ್ರವೂ ಜಗಳಕ್ಕೆ ಹೋಗ್ಬೇಡಿ ಮಾರಾಯ್ರೆ, ಮಗಳ ಕಾಲೇಜು ಅದು. ಮೊದಲನೆಯದು ಅರ್ಧ ಆಯಿತು, ಎರಡನೆಯದು ಗೇಟಿನಲ್ಲೇ ಕೆಟ್ಟಿತು, ಪಾರ್ಕಿಂಗ್ ಇಲ್ಲಲ್ಲ, ಅಲ್ಲಿ ಎಂದ ವಾಚ್‌ಮನ್ನನ ಹತ್ತಿರ ಸ್ವಲ್ಪ ದನಿ ಏರಿತು, ಆದರೆ ಕೈ ಸ್ಟಿಯರಿಂಗ್ ಬಿಟ್ಟು ಏಳಲಿಲ್ಲ, ಈ ಊರಿನಲ್ಲಿ ಅವನು ಕಲಿತ ದೊಡ್ಡ ವಿದ್ಯೆ ಅದೇ, ಕಾರಿನೊಳಗಿಂದ ಒಂದು ಬೆರಳು ತೋರಿಸಿದರೂ ಖಲಾಸ್, ಸೀದಾ ವಿಮಾನ ಹತ್ತಿಸ್ತಾರೆ ಎಂದು ಜಂಶೀರ್ ಮೇಸ್ತ್ರಿ ಕೆಲಸದ ಮೊದಲ ವಾರವೇ ಹೆದರಿಸಿ ಇಟ್ಟಿದ್ದ. ಪಕ್ಕದಲ್ಲಿ ತಮ್ಮ ಫ್ಲಾಯ್ಡ್, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹೋಟೆಲಿಗೆ ರಜೆ ಹಾಕಿ, ಅಣ್ಣನ ಮಗಳ ಮಾತು ಕೇಳಬೇಕೆಂದು ಬೆಳಗಿನ ಮೊದಲ ಬಸ್ಸಿಗೇ ಬಂದವನು, ನಲವತ್ತೈದು ದಾಟಿದರೂ ಪೆಪ್ಪರ್‌ಮಿಂಟ್ ಚೀಪುವ ಚಟ ಬಿಟ್ಟಿಲ್ಲ, ಎಡಹುಬ್ಬಿನ ಮೇಲೆ ಆ ಹಳೆಯ ಗಾಯದ ಗೆರೆ, ಅಲ್ಲಿ ಕೂದಲು ಮತ್ತೆ ಹುಟ್ಟಲೇ ಇಲ್ಲ — ನಮ್ಮ ಹುಡುಗಿ ಯಾವ ಕಡೆ ಅಣ್ಣಾ, ಬೇಕು ಅನ್ನುವುದಾ ಬೇಡ ಅನ್ನುವುದಾ, ಮೂರನೆಯ ಸಲ ಕೇಳುತ್ತಾನೆ, ಬೇಕು ಅನ್ನುವುದು ಮಾರಾಯ, ಚೀಟಿ ಎತ್ತಿದಾಗ ಅದೇ ಬಂತಂತೆ, ಅಮೆರಿಕದ ಕಾಲೇಜಿನಲ್ಲಿ ಲೈಸೆನ್ಸ್ ಇರುವ ಮಕ್ಕಳು ಪಿಸ್ತೂಲು ಇಟ್ಟುಕೊಳ್ಳಬಹುದೋ ಇಲ್ಲವೋ, ಅದು ಚರ್ಚಾಸ್ಪರ್ಧೆಯ ವಿಷಯ. ಎಂತ ವಿಷಯವಪ್ಪ, ಪಟಾಕಿ ಹೊಡೆಯಲೂ ಪರ್ಮಿಟ್ ಕೇಳುವ ಊರಿನಲ್ಲಿ ಕೂತು ಅಮೆರಿಕದ ಪಿಸ್ತೂಲಿಗೆ ಗುದ್ದಾಟ, ಫ್ಲಾಯ್ಡ್ ನಗುತ್ತಾನೆ, ನಕ್ಕಾಗ ಆ ಗೆರೆ ಮಡಚಿಕೊಳ್ಳುತ್ತದೆ, ಮೊರಿಸ್ ಬೇರೆ ಕಡೆ ನೋಡುತ್ತಾನೆ, ಅಗೋ, ಸ್ಟೇಸಿ ಬಂದಳು, ಬಂದವಳು ಮೊದಲು ಮೈಕಿನ ಟೊಪ್ಪಿಯನ್ನೇ ನೆಟ್ಟಗೆ ಮಾಡಿದಳು, ನನ್ನ ಮಗಳಲ್ಲವಾ.

ಹತ್ತೊಂಬತ್ತು ವರ್ಷ, ಕರಿ ಕೋಟು ಗೆಳತಿಯದು, ತೋಳು ಸ್ವಲ್ಪ ಉದ್ದ, ಹೋದ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಬಂಗುಡೆ ಸಾರಿನಲ್ಲಿ ಅನ್ನ ಕಲಸುವಾಗ ಇವಳು ತಟ್ಟೆಯಿಂದ ತಲೆ ಎತ್ತಿ ಕೇಳಿದಳು, ಪಪ್ಪಾ, ಊರಲ್ಲಿ ಅಜ್ಜನ ಹತ್ರ ಗನ್ ಇತ್ತಂತಲ್ಲ, ಹೌದಾ, ಅದರ ಬಗ್ಗೆ ನಂಗೆ ಹೇಳ್ತೀರಾ — ಓದಿನ ವಿಷಯಕ್ಕೆ ಅವಳು ತನ್ನ ಹತ್ತಿರ ಬಂದು ಎಷ್ಟು ವರ್ಷವಾಗಿತ್ತು, ಐದನೆಯ ಕ್ಲಾಸಿನಲ್ಲಿ ಒಮ್ಮೆ ಲೆಕ್ಕ ಕೇಳಿದ್ದಳು, ಇಂಗ್ಲಿಷಿನ ಲೆಕ್ಕ, ಊರಿನ ಕನ್ನಡ ಶಾಲೆಯಲ್ಲಿ ಕಲಿತವನಿಗೆ ಮೊದಲ ಸಾಲೇ ಹತ್ತಲಿಲ್ಲ, ತನ್ನ ಮೇಲಿನ ಸಿಟ್ಟನ್ನು ಪುಸ್ತಕದ ಮೇಲೆ ತೀರಿಸಿದ, ಪುಟ ಹರಿಯಿತು, ಅವಳು ಅಳಲಿಲ್ಲ, ಗಮ್‌ಟೇಪು ತಂದು ಅಂಟಿಸುತ್ತಾ ಕೂತಳು, ಆಮೇಲೆ ಎಲ್ಲ ಸಂಶಯಗಳೂ ತಾಯಿಯ ಹತ್ತಿರವೇ ಹೋದವು. ಆದ್ದರಿಂದ ಮೊನ್ನೆ ಕೇಳಿದಾಗ ಎದೆಯಲ್ಲಿ ಎಂಥದೋ ಬೆಚ್ಚಗಾಯಿತು, ಕೈ ಒಣಗುವವರೆಗೂ ಹೇಳಿದ್ದೇ ಹೇಳಿದ್ದು, ಗೋಡೆಯ ಎರಡು ಗೂಟಗಳ ಮೇಲೆ ಇರುತ್ತಿದ್ದ ಒಂಟಿನಳಿಗೆಯ ಕೋವಿ, ಹಂದಿ ಗದ್ದೆಗೆ ಇಳಿಯದ ಹಾಗೆ ಸರಕಾರ ಕೊಟ್ಟ ಲೈಸೆನ್ಸು, ಅದಕ್ಕೆ ಪೊಲೀಸರು ಮನೆಗೇ ಬಂದು ವಿಚಾರಿಸಿದ್ದು, ಅಪ್ಪ ಶನಿವಾರ ಶನಿವಾರ ಹಳೆಯ ಬನಿಯನ್ನಿಗೆ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದದ್ದು, ಕೋವಿಯ ತೋಟೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ದೇವರ ಪೀಠದ ಹಿಂದೆ ಇಡುತ್ತಿದ್ದದ್ದು, ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಹಳೆಯ ಲುಂಗಿ ಸುತ್ತಿಕೊಂಡು ಬಸ್ಸಿನಲ್ಲಿ ಕಾರ್ಕಳದ ಠಾಣೆಗೆ ಹೊರಡುತ್ತಿದ್ದದ್ದು, ಮತ ಎಣಿಸುವವರೆಗೂ ಅವು ಅಲ್ಲಿ ಸಾಲಾಗಿ ಒರಗಿಕೊಂಡು ಕಾಯಬೇಕು, ಕೋವಿಗೂ ಲಾಕಪ್ಪಾ ಎಂದು ಸ್ಟೇಸಿ ನಕ್ಕಳು, ಬರೆದುಕೊಂಡಳು, ಅವಳ ಅಕ್ಷರ ಎಷ್ಟು ಸಣ್ಣ, ಆಮೇಲೆ ಪೆನ್ನು ನಿಲ್ಲಿಸಿ, ಸೋ ಪಪ್ಪಾ, ಅಷ್ಟು ವರ್ಷ ಮನೆಯಲ್ಲಿ ಗನ್ ಇತ್ತು, ಏನೂ ಆಗ್ಲಿಲ್ಲ ಅಲ್ವಾ — ಏನೂ ಆಗಿಲ್ಲ ಮಗಾ, ಎಂದ, ಎಂದುಬಿಟ್ಟ, ಮತ್ತೆ ಎದ್ದು ಹೋಗಿ ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದ. ಸುಳ್ಳಲ್ಲ, ಏನೂ ಆಗಿಲ್ಲ ನಿಜ, ಗೋಡೆಯಲ್ಲಿ ಎರಡು ಗೂಟ ಇದ್ದವು ಅಷ್ಟೆ.

ಈಗ ಅವಳ ದನಿ, ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಒಂದು ಹುಡುಗಿ ರಾತ್ರಿ ಲೈಬ್ರರಿಯಿಂದ ಹಾಸ್ಟೆಲಿಗೆ ಒಬ್ಬಳೇ ನಡೆಯುತ್ತಾಳೆ, ಹಿಂದೆ ಹೆಜ್ಜೆ ಸದ್ದು, ಪೊಲೀಸರು ಬರಲು ಹತ್ತು ನಿಮಿಷ, ಆ ಹತ್ತು ನಿಮಿಷ ಅವಳು ಯಾರನ್ನು ಕರೆಯಬೇಕು, ಮೊರಿಸ್‌ಗೆ ಆ ಹುಡುಗಿಯ ಮುಖ ಸ್ಟೇಸಿಯದೇ ಆಗಿ ಕಾಣುತ್ತದೆ, ಇವಳ ಹಿಂದೆ ಯಾರಾದರೂ ಬಂದರೆ ತಾನೇ ಅಂಗಡಿಗೆ ಹೋಗಿ ಪಿಸ್ತೂಲು ತಂದು ಬ್ಯಾಗಿಗೆ ಹಾಕುತ್ತೇನೆ, ಕಾನೂನು ಗೀನೂನು ಆಮೇಲೆ, ಅಷ್ಟರಲ್ಲಿ ಎದುರಿನ ಮೇಜಿನಲ್ಲಿ ಬೇಡ ಅನ್ನುವ ಕಡೆ ಕೂತ ನಾದಿಯಾ, ಭಟ್ಕಳದ ಯಹ್ಯಾ ಸಾಹೇಬರ ಮಗಳು, ಅವರ ಗಾಡಿಯ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವನು ತಾನೇ, ಆ ನಾದಿಯಾ ಮೊದಲೇ ಹೇಳಿದ್ದು ನೆನಪಾಗುತ್ತದೆ, ಲೈಸೆನ್ಸನ್ನು ಮನುಷ್ಯನ ಕೈಗೆ ಕೊಡಬಹುದು, ಅವನ ಸಿಟ್ಟಿಗೆ ಯಾರು ಕೊಡ್ತಾರೆ, ಪರೀಕ್ಷೆಯಲ್ಲಿ ಫೇಲಾದ ದಿನ, ಹುಡುಗಿ ಬೇಡ ಎಂದ ದಿನ, ರೂಮಿನವನ ಜೊತೆ ಜಗಳವಾದ ದಿನ, ಲೈಸೆನ್ಸ್ ತಗೊಂಡ ದಿನದ ಅದೇ ಮನುಷ್ಯ ಆ ದಿನವೂ ಇರ್ತಾನಾ — ಬುದ್ಧಿವಂತ ಹುಡುಗಿ, ಬೇಡದ ಕಡೆ ಬೆರಳಿಡುತ್ತಾಳೆ. ನನ್ನ ಅಜ್ಜನ ಮನೆಯಲ್ಲಿ, ಎನ್ನುತ್ತಿದ್ದಾಳೆ ಸ್ಟೇಸಿ, ನಲವತ್ತು ವರ್ಷ ಒಂದು ಬಂದೂಕು ಗೋಡೆಯ ಮೇಲಿತ್ತು, ಮೂವರು ಗಂಡುಮಕ್ಕಳು ಅದರ ಕೆಳಗೇ ಚಾಪೆ ಹಾಸಿ ಮಲಗಿದರು, ಜವಾಬ್ದಾರಿ ಕಲಿಸಿದರೆ ಆಯುಧ ಬರೀ ಒಂದು ಸಾಮಾನು, ಮೈ ಫಾದರ್ ಈಸ್ ದಿ ಪ್ರೂಫ್, ಫ್ಲಾಯ್ಡ್ ಮೊಣಕೈಯಿಂದ ತಿವಿಯುತ್ತಾನೆ, ಕೇಳಿದೆಯಾ, ಪ್ರೂಫಂತೆ — ಚಾಪೆ, ಹೌದು, ಚಾಪೆ, ಮೇ ತಿಂಗಳ ಸೆಕೆ, ತನಗೆ ಇಪ್ಪತ್ತನಾಲ್ಕು, ಫ್ಲಾಯ್ಡಿಗೆ ಹದಿನೇಳು, ದುಬೈಯ ವೀಸಾ ಬಂದಿತ್ತು, ಎರಡು ವರ್ಷ ಕಾದು ಬಂದ ವೀಸಾ, ಪಾಸ್‌ಪೋರ್ಟನ್ನು ಬೊಂಬಾಯಿಯ ಏಜೆಂಟನಿಗೆ ರಿಜಿಸ್ಟರ್ ಪೋಸ್ಟ್ ಮಾಡಿ ಬಾ ಎಂದು ಫ್ಲಾಯ್ಡಿನ ಕೈಗೆ ಕೊಟ್ಟರೆ ಇವನು ದಾರಿಯಲ್ಲಿ ಒಣಗದ್ದೆಯ ಕ್ರಿಕೆಟಿಗೆ ಇಳಿದು, ಆಟ ಮುಗಿಸಿ ಬೆವರು ಕಳೆಯಲು ಪ್ಯಾಂಟಿನ ಸಮೇತ ಕೆರೆಗೆ ಹಾರಿ, ಸಂಜೆ ಅಂಗಳದಲ್ಲಿ ನಿಂತು ಜೇಬಿನಿಂದ ತೆಗೆದ, ನೆನೆದ ರೊಟ್ಟಿಯ ಹಾಗಿತ್ತು ಪಾಸ್‌ಪೋರ್ಟು, ತನ್ನ ಫೋಟೋದ ಮುಖ ನೀಲಿ ಶಾಯಿಯಲ್ಲಿ ಕರಗಿತ್ತು, ತಾನು ಹೊಡೆದ, ಇವನು ಮೆಟ್ಟಿಲಿನ ಮೂಲೆಗೆ ಬಿದ್ದ, ಹುಬ್ಬು ಒಡೆಯಿತು, ಮತ್ತೆ ಇವನು ನಕ್ಕ, ಹೆದರಿಕೆಯ ನಗು ಅದು, ಇಂದು ಗೊತ್ತಾಗುತ್ತದೆ, ಅಂದು ಗೊತ್ತಾಗಲಿಲ್ಲ, ನಗು ಕೇಳಿದ್ದೇ ಮೊರಿಸ್‌ನ ಕಣ್ಣು ಕಪ್ಪಾಯಿತು, ಒಳಗೆ ಓಡಿದ, ಕತ್ತಲೆ ಕೋಣೆ, ದೇವರ ಪೀಠ, ಕೈ ಮೇಲಕ್ಕೆ ಹೋಯಿತು, ಅಭ್ಯಾಸದ ಜಾಗ, ಕಣ್ಣು ಮುಚ್ಚಿದರೂ ಸಿಗುವ ಜಾಗ — ಎರಡು ಗೂಟ. ಬರೀ ಎರಡು ಗೂಟ, ಹೊಗೆ ಹಿಡಿದ ಗೋಡೆಯಲ್ಲಿ ಕೋವಿಯ ಉದ್ದಕ್ಕೂ ಒಂದು ಬಿಳಿ ಗುರುತು, ಒಂದು ಗೂಟಕ್ಕೆ ಚುಚ್ಚಿಟ್ಟ ಠಾಣೆಯ ರಶೀದಿ, ಬಾಗಿಲಿನ ಗಾಳಿಗೆ ಅಲ್ಲಾಡುತ್ತಿತ್ತು, ಓಟಿಗೆ ಇನ್ನೂ ನಾಲ್ಕು ದಿನ, ಲುಂಗಿ ಸುತ್ತಿದ ಕೋವಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಅಪ್ಪನ ಜೊತೆ ಠಾಣೆಗೆ ಹೋಗಿ ಒಪ್ಪಿಸಿ ಬಂದವನು ಸ್ವತಃ ತಾನೇ, ಸಿಟ್ಟಿಗೆ ಅದು ಮರೆತಿತ್ತು. ಎಷ್ಟು ಹೊತ್ತು ನಿಂತನೋ, ಮೇಲೆತ್ತಿದ ಕೈ ಇಳಿಯಲಿಲ್ಲ, ಇಳಿದಾಗ ಅದಕ್ಕೆ ಹಿಡಿಯಲು ಏನಾದರೂ ಬೇಕಿತ್ತು, ಬಾಗಿಲ ಹತ್ತಿರ ನೀರಿನ ಚೊಂಬಿತ್ತು, ಅದನ್ನೇ ಹಿಡಿದು ಹೊರಗೆ ಬಂದ, ರಕ್ತ ತೊಳೆದ, ಅವನಿಗೆ ಕುಡಿಸಿದ, ಆವತ್ತಿನಿಂದ ಫ್ಲಾಯ್ಡ್ ಮದುವೆಯಲ್ಲಿ, ನಾಮಕರಣದಲ್ಲಿ, ನಾಲ್ಕು ಜನ ಕೂತಲ್ಲೆಲ್ಲ ಹೇಳುವುದು ಒಂದೇ ಕತೆ, ನಮ್ಮಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಮನಸ್ಸು ನೋಡಿ, ನನ್ನನ್ನು ಕೆಡವಿ ಒಳಗೆ ಓಡಿದವನು ಎಂತ ತಂದ ಹೇಳಿ ನೋಡುವಾ, ನೀರು.

ಚಪ್ಪಾಳೆ. ನಾದಿಯಾ ಎದ್ದು ನಿಂತಿದ್ದಾಳೆ, ಒಂದು ಪ್ರಶ್ನೆಗೆ ಅವಕಾಶ ಉಂಟು, ಅವಳು ಮೈಕು ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳುತ್ತಾಳೆ, ಕೆಣಕುವ ದನಿಯಲ್ಲ, ನಿಜವಾಗಿ ತಿಳಿಯಬೇಕೆನ್ನುವ ದನಿ, ಆ ನಲವತ್ತು ವರ್ಷದಲ್ಲಿ ಒಮ್ಮೆಯೂ, ನಿಮ್ಮ ಮನೆಯವರು ಯಾರೂ, ಸಿಟ್ಟಿನಲ್ಲಿ ಅದಕ್ಕೆ ಕೈ ಹಾಕಲಿಲ್ಲವಾ, ಈ ಪ್ರಶ್ನೆಯನ್ನು ನೀವು ಅವರಿಗೆ ಕೇಳಿದ್ದೀರಾ. ಇಲ್ಲ ಎಂದುಬಿಡು ಮಗಾ, ಒಂದು ಇಲ್ಲ, ಯಾರು ಕಾರ್ಕಳಕ್ಕೆ ಹೋಗಿ ನೋಡುತ್ತಾರೆ, ನೋ ಅನ್ನು, ಬಹುಮಾನದ ಕಪ್ಪು ನಿನ್ನದು, ಅಮ್ಮನಿಗೆ ಫೋಟೋ ಕಳಿಸುವಾ — ಅವಳು ನೋ ಅನ್ನುವುದಿಲ್ಲ, ಕಣ್ಣಿಗೆ ದೀಪ ಹೊಡೆಯುತ್ತಿದೆ, ಕೈ ಅಡ್ಡ ಹಿಡಿದು ಸಾಲುಗಳಲ್ಲಿ ಹುಡುಕುತ್ತಾಳೆ, ತನ್ನನ್ನು ಹುಡುಕುತ್ತಾಳೆ, ಸಿಕ್ಕಿದ, ನೋಡುತ್ತಾಳೆ. ಪಕ್ಕದಲ್ಲಿ ಫ್ಲಾಯ್ಡ್ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದಾನೆ, ಇಲ್ಲ ಇಲ್ಲ, ಸಂತೋಷದಿಂದ, ಸಾಕ್ಷಿ ಹೇಳುವವನ ಹಾಗೆ, ಆ ಗೆರೆಯ ಹುಬ್ಬು ಎತ್ತಿ, ಸ್ಟೇಸಿ ಅವನನ್ನು ನೋಡುವುದಿಲ್ಲ, ಪಪ್ಪನನ್ನೇ ನೋಡುತ್ತಾಳೆ, ತಾನೂ ತಲೆ ಅಲ್ಲಾಡಿಸಬೇಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಅಷ್ಟೇ ಕೆಲಸ, ಕುತ್ತಿಗೆ ತುಕ್ಕು ಹಿಡಿದ ಬೋಲ್ಟಿನ ಹಾಗೆ ಕಚ್ಚಿಕೊಂಡಿದೆ, ಯಾವ ಪಾನಾ ಹಾಕಿದರೂ ತಿರುಗುವುದಿಲ್ಲ, ಮೊಣಕಾಲುಗಳ ನಡುವಿನ ಕೈಗಳನ್ನು ಇನ್ನೂ ಒತ್ತುತ್ತಾನೆ, ಅವಳಿಗೆ ಏನು ಕಂಡಿತೋ, ದೀಪದ ಆಚೆಯಿಂದ ಎಷ್ಟು ಕಂಡಿತೋ, ಹರಿದ ಪುಟಕ್ಕೆ ಟೇಪು ಹಚ್ಚುವಾಗಿನ ಅದೇ ಮುಖ, ಕೈ ಇಳಿಸಿ ಮೈಕಿಗೆ ಹೇಳುತ್ತಾಳೆ, ಐ ಡೋಂಟ್ ನೋ, ಐ ಡಿಡಂಟ್ ಆಸ್ಕ್ ಹಿಮ್ ದಟ್. ಗಂಟೆ ಹೊಡೆಯಿತು. ಕಪ್ಪು ನಾದಿಯಾಳಿಗೆ, ಫೋಟೋ, ಹಸ್ತಲಾಘವ, ಇಬ್ಬರೂ ತಬ್ಬಿಕೊಂಡು ಏನೋ ಹೇಳಿ ನಗುತ್ತಾರೆ, ಮಕ್ಕಳು, ಇವರಿಗೆ ಸೋಲುವುದೂ ಗೊತ್ತುಂಟು.

ಮೆಟ್ಟಿಲಿಳಿದು ಬಂದವಳು ಉದ್ದ ತೋಳನ್ನು ಮಡಚಿ ಮೇಲೇರಿಸಿ ಅವನ ಎದುರಿನ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಕೂರುತ್ತಾಳೆ, ಬೈಗುಳ ಇಲ್ಲ, ಮುನಿಸಿಲ್ಲ, ಗ್ರೀಸಿನ ಬೆರಳುಗಳನ್ನು ಮೊಣಕಾಲುಗಳ ನಡುವಿನಿಂದ ತಾನೇ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಳ್ಳುತ್ತಾಳೆ, ಎಷ್ಟು ತಣ್ಣಗಿದೆ ಪಪ್ಪಾ, ಅನ್ನುತ್ತಾಳೆ, ಮತ್ತೆ, ಭಾನುವಾರ ನಾನು ಸರಿಯಾಗಿ ಕೇಳಿರಲಿಲ್ಲ ಅಲ್ವಾ. ಆ ನಾದಿಯಾಳಿಗೆ ಎಂತ ಗೊತ್ತು, ಫ್ಲಾಯ್ಡ್ ನಡುವೆ ಬರುತ್ತಾನೆ, ಆ ಹುಡುಗಿ ನನ್ನನ್ನು ಕೇಳಬೇಕಿತ್ತು, ಸ್ಟೇಸಿ ಮಗಾ, ಕೇಳಿಲ್ಲಿ, ನಿನ್ನ ಪಪ್ಪ ನನ್ನನ್ನು ಅಂಗಳದಲ್ಲಿ ಕೆಡವಿ ಒಳಗೆ ಓಡಿದ್ದು ಎಂತಕ್ಕೆ ಗೊತ್ತುಂಟಾ — ಅಣ್ಣನ ಮುಖ ಬಿಳಿಚಿದ್ದು ಈಗ ಕಂಡು ಮಾತು ಅಲ್ಲಿಗೇ ಬಿಟ್ಟು ಬ್ಯಾಗಿನಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸುತ್ತಾನೆ, ಮೊದಲು ಇದನ್ನು ಕುಡಿ ಅಣ್ಣಾ. ನೀರು. ಇಪ್ಪತ್ತೆಂಟು ವರ್ಷದಿಂದ ಫ್ಲಾಯ್ಡ್ ನಂಬಿ ಕುಡಿಯುತ್ತಿರುವ ನೀರು. ತಾನೂ ಕುಡಿದುಬಿಡಬಹುದು, ಕುಡಿದು ಎದ್ದು, ಹೊಟ್ಟೆ ಹಸಿದಿದೆ, ಯಲ್ಲಾ, ನಡೀರಿ ಎಂದು ಬೈದು ಹೊರಡಿಸಬಹುದು, ಇಬ್ಬರೂ ನಂಬುತ್ತಾರೆ, ಇಷ್ಟು ವರ್ಷ ನಂಬಿದವರು, ಬೆರಳುಗಳ ಸುತ್ತ ಮಗಳ ಕೈ ಬೆಚ್ಚಗಿದೆ, ಕಾಯುತ್ತಿದೆ. ಫ್ಲಾಯ್ಡ್, ಎನ್ನುತ್ತಾನೆ ಮೊರಿಸ್, ನಾನು ಆವತ್ತು ಒಳಗೆ ಹೋದದ್ದು ನೀರಿಗಲ್ಲ. ಮುಚ್ಚಳ ತೆಗೆದ ಬಾಟಲಿ ನಡುದಾರಿಯಲ್ಲಿ ನಿಂತಿದೆ, ಮುಂದೆಯೂ ಬರುವುದಿಲ್ಲ, ಹಿಂದೆಯೂ ಹೋಗುವುದಿಲ್ಲ, ಸ್ಟೇಸಿಯ ಕೈ ಬಿಡಿಸಿಕೊಳ್ಳುವುದಿಲ್ಲ, ಇನ್ನೊಂದು ಮಾತು ಹೇಳಬೇಕು, ಒಂದೇ ಒಂದು, ನಾಲಿಗೆಯ ಮೇಲೆ ಇದೆ, ಕತ್ತಲೆ ಕೋಣೆ, ಮೇಲೆದ್ದ ಕೈ, ಹೊಗೆ ಹಿಡಿದ ಗೋಡೆ, ಅದರ ಮೇಲೆ ಉದ್ದಕ್ಕೂ ಒಂದು ಬಿಳಿ ಗುರುತು, ಗಾಳಿಗೆ ಅಲ್ಲಾಡುವ ಸಣ್ಣ ಕಾಗದ, ಎರಡು ಗೂಟ, ಬರೀ ಎರಡು ಗೂಟ