ಮಂದಿ ಬಣ್ಣ

ಕಾಮಣ್ಣ ತನ್ನ ನಾಯಿ ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತಾಗ ಸಾತವ್ವ ಬಾಗಿಲಿಗೆ ಅಡ್ಡ ಕೂತು ಮಗನ ಕಿವಿಯ ಹಿಂದಿನ ಪಟ್ಟಿ ಬಿಚ್ಚುತ್ತಿದ್ದಳು. ಹಳೆಯ ಧೋತರ ಹರಿದು ಕಟ್ಟಿದ ಪಟ್ಟಿ ರಾತ್ರಿಯೆಲ್ಲ ಒಸರಿ ಗಾಯಕ್ಕೆ ಅಂಟಿತ್ತು. ಬೆಚ್ಚನೆಯ ನೀರು ಹಾಕಿ ನೆನೆಸಿ ಒಂದೊಂದೇ ಎಳೆ ಬಿಡಿಸಬೇಕು. ಜಕ್ಕಪ್ಪ ಹಲ್ಲು ಕಚ್ಚಿ ಕೂತಿದ್ದ. ಅವನ ನಾಯಿ ಹೀರಿ ಮಾತ್ರ ಆಗಲೇ ಎದ್ದು ಗೂಟ ಜಗ್ಗುತ್ತಿತ್ತು.

"ಚಿಗವ್ವ, ಆತೇನ? ಹೊತ್ತ ಏರಿದ್ರ ನಾಯಿ ಓಡೂದಿಲ್ಲ," ಎಂದ ಕಾಮಣ್ಣ.

"ನಿನ್ನ ಯಾರ ಕರದಾರೋ? ನಿನ್ನ ನಾಯಿ ಕರಕೊಂಡ ನೀ ಹೋಗ. ನನ್ನ ಮಗ ಎಲ್ಲಿಗೂ ಬರೂದಿಲ್ಲ."

"ನಾನ ಕರದೇನಿ ಬೇ," ಎಂದ ಜಕ್ಕಪ್ಪ. "ಕಾಮಣ್ಣಗ ಯಾಕ ಬೈತಿ?"

ಜಕ್ಕಪ್ಪ ಹುಟ್ಟಿದ್ದೇ ಬೇರೆ ಥರ. ಕುರಿ ಕಾಯುವ ಕರಿಯ ಮಂದಿಯ ಮನೆಯಲ್ಲಿ ಹಾಲಿನ ಕೆನೆಯಂಥ ಕೂಸು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ರನ್ನ ಬೆಳಗಲಿಯ ಜನ ಎಂಟು ದಿನ ಸಾಲು ಹಚ್ಚಿ ನೋಡಿ ಹೋದರು. ಬೀರಪ್ಪನ ಪೂಜಾರಿ ಮಾತ್ರ ಕೂಸಿನ ಹಣೆಗೆ ಭಂಡಾರದ ಅರಿಸಿನ ಹಚ್ಚಿ, "ಇದನ್ನ ಕಂಬಳ್ಯಾಗ ಇಟ್ಟ ಸಾಕ್ರಿ, ಬಿಸಲಿಗೆ ತೋರಸಬ್ಯಾಡ್ರಿ," ಎಂದಿದ್ದ. ಆ ಮುದುಕನಿಗೆ ಏನು ತಿಳಿದಿತ್ತೋ ಏನೋ, ಮೊನ್ನೆ ಮಿರಜದ ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದೂ ಅದನ್ನೇ. ನಡುವೆ ಇಪ್ಪತ್ತಾರು ವರ್ಷ ಕಳೆದಿದ್ದವು, ಅಷ್ಟೇ.

ಹದಿನೆಂಟು ವರ್ಷ ಸಾತವ್ವ ಆ ಮಾತು ಪಾಲಿಸಿದಳು. ಗಂಡ ಸತ್ತ, ಕುರಿಗಳು ಮೈದುನರ ಪಾಲಾದವು, ಆದರೂ ಹುಡುಗನನ್ನು ಅಡವಿಗೆ ಬಿಡಲಿಲ್ಲ. ಅವನು ಪಡಸಾಲೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದ. ಹೊರಗೆ ಕಾಲಿಟ್ಟರೆ ತಲೆಯಿಂದ ಮೊಣಕಾಲವರೆಗೆ ಕಂಬಳಿಯ ಕೊಪ್ಪೆ. ಇಂಗ್ಲಿಷರು ದೇಶ ಬಿಟ್ಟು ಹೋದ ವರ್ಷ ಚಾವಡಿಯ ಮುಂದೆ ಕೂತವರು, "ಏ ಜಕ್ಕಪ್ಪ ಸಾಹೇಬ, ಎಲ್ಲಾರೂ ಹೋದ್ರಲಾ, ನೀ ಯಾಕ ಉಳದಿ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಮನೆಗೆ ಬಂದು ಎರಡು ದಿನ ಉಣ್ಣಲಿಲ್ಲ. ಅದೇ ವರ್ಷ ಮೂರು ಕಡೆ ಹೆಣ್ಣು ಕೇಳಿ, ಮೂರು ಕಡೆಯಿಂದಲೂ ಒಂದೇ ಜವಾಬು ಬಂತು: ಹುಡುಗ ಛಲೋ ಅದಾನ, ಆದರ ಮಂದಿ ಬಣ್ಣಿಲ್ಲ.

ಆಗಲೇ ಕಾಮಣ್ಣ ಅವನನ್ನು ಮೊಲದ ಬೇಟೆಗೆ ಕರೆದುಕೊಂಡು ಹೋದದ್ದು. ಮುಧೋಳ ಸೀಮೆಯಲ್ಲಿ ಈ ಹುಚ್ಚು, ಅವರ ಮಾತಿನಲ್ಲಿ ನಾದ, ಹತ್ತಿದವರು ಬಹಳ. ಜೋಳ ಕೊಯ್ದ ಹೊಲದಲ್ಲಿ ಸಾಲಾಗಿ ನಡೆಯುವುದು, ಮೊಲ ಎದ್ದರೆ ನಾಯಿ ಬಿಡುವುದು. ನಾಯಿಗೆ ಹಗ್ಗ ಕಟ್ಟುವುದಿಲ್ಲ. ತಲೆಯ ರುಮಾಲು ಬಿಚ್ಚಿ, ಕೊರಳಪಟ್ಟಿಯಲ್ಲಿ ತೂರಿಸಿ, ಎರಡೂ ತುದಿ ಕೈಯಲ್ಲಿ ಹಿಡಿಯುತ್ತಾರೆ. ಒಂದು ತುದಿ ಬಿಟ್ಟರೆ ನಾಯಿ ಹಾರಿತೆಂದೇ ಲೆಕ್ಕ. ಕೊಪ್ಪೆ ಹೊದ್ದರೆ ಓಡಲಾಗುವುದಿಲ್ಲವೆಂದು ಜಕ್ಕಪ್ಪ ಅದನ್ನು ಬದುವಿನ ಮೇಲೆ ಇಟ್ಟ. ರುಮಾಲು ನಾಯಿಯ ಕೊರಳಲ್ಲಿ, ತಲೆ ಬರಿದು. ಮೊದಲ ದಿನ ಮನೆಗೆ ಬಂದಾಗ ಮುಖ ಕೆಂಡದಂತಾಗಿ ಮರುದಿನ ಸಿಪ್ಪೆ ಸುಲಿಯಿತು. ಆದರೆ ಅವನು ನಗುತ್ತಿದ್ದ, ಮೂರು ರೊಟ್ಟಿ ತಿಂದ.

ಮುಂದಿನ ಬೇಸಿಗೆಯ ಹೊತ್ತಿಗೆ ಅವನ ಮುಂಗೈ ಮೇಲೆ, ಕುತ್ತಿಗೆಯ ಮೇಲೆ ಕಂದು ಚುಕ್ಕೆ ಮೂಡಿದವು. ನೆರೆಮನೆಯ ಮಾಯವ್ವ ಅವನ ಕೈ ಹಿಡಿದು ನೋಡಿ, "ಏ ಸಾತವ್ವ, ಬಣ್ಣಾ ಬರಾಕತ್ತೈತಲ್ಲ ನಿನ್ನ ಮಗಗ! ಬಿಸಲ ತಾಗಬೇಕಾಗಿತ್ತ ನೋಡ, ನೀನ ಮುಚ್ಚಿ ಮುಚ್ಚಿ ಹಾಳ ಮಾಡಿದಿ," ಎಂದಳು. ಸಾತವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂದೇ ಅವನ ಮೈಮೇಲಿನ ಕಂಬಳಿ ಕಸಿದು ಜಂತಿಗೆ ಹಾಕಿದಳು. ಅವನು ಮನೆಯಲ್ಲಿ ಕೂತರೆ ಅವಳೇ ಹೊರಗೆ ಅಟ್ಟುತ್ತಿದ್ದಳು. ಸಂಜೆ ಅವನ ಕೈಯ ಪಕ್ಕಕ್ಕೆ ತನ್ನ ಕರಿಯ ಕೈ ಇಟ್ಟು ಚುಕ್ಕೆ ಎಣಿಸುತ್ತಿದ್ದಳು. ಹೆತ್ತವಳ ಹುಚ್ಚು ಆಸೆ, ಅದಕ್ಕೆ ಯಾರು ಏನು ಹೇಳುವುದು! ಐದಾರು ವರ್ಷ ಹೀಗೇ ನಡೆಯಿತು. ಹೆಣ್ಣಂತೂ ಸಿಗಲಿಲ್ಲ.

ಕಿವಿಯ ಹಿಂದೆ ಹುಣ್ಣು ಕಂಡಾಗ ಜಾಲಿಮುಳ್ಳು ತರಚಿದ್ದೆಂದುಕೊಂಡರು. ಭಂಡಾರ ಹಚ್ಚಿದರು. ಎರಡು ವರ್ಷ ಮಾಯದೆ, ಕೊರಳಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದ ಮೇಲೆ ಕುಡಚಿಯಲ್ಲಿ ರೈಲು ಹತ್ತಿ ಮಿರಜಕ್ಕೆ ಹೋದರು. ಡಾಕ್ಟರು ಗಂಟನ್ನು ಒತ್ತಿ ನೋಡಿ ಸಿಟ್ಟಿನಿಂದ, ಇಂಥವನನ್ನು ಬಿಸಿಲಿಗೆ ಬಿಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಸಾತವ್ವನ ಬಾಯಿಂದ ಬಂದದ್ದು ಒಂದೇ ಮಾತು: "ಅವಗ ಬ್ಯಾಟಿ ನಾದ ರೀ. ಹೇಳಿದ್ರ ಕೇಳೂದಿಲ್ಲ." ಮಗ ಪಕ್ಕದಲ್ಲೇ ಕೂತಿದ್ದ. ಅವನು ತಲೆ ಎತ್ತಲಿಲ್ಲ. ಆಮೇಲೆ ಡಾಕ್ಟರು ಅವಳೊಬ್ಬಳನ್ನೇ ಬಾಗಿಲ ಬಳಿ ಕರೆದು, ಇದು ಒಳಗೆ ಇಳಿದುಬಿಟ್ಟಿದೆ, ಕೊಯ್ದು ಉಪಯೋಗವಿಲ್ಲ, ಬಿಸಿಲು ತಾಗದ ಹಾಗೆ ನೋಡಿಕೊ, ಬೇಡಿದ್ದು ಮಾಡಿ ಉಣಿಸು ಎಂದರು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈಗ ಅವಳು ಹೊಸ ಪಟ್ಟಿ ಸುತ್ತತೊಡಗಿದಳು.

"ಡಾಕ್ಟರ್ ಬಿಸಲಿಗೆ ಬ್ಯಾಡಂದಾರ. ಗುಣಾ ಆಗೂತನಕ ಸುಮ್ನ ಕೂಡ ನನ್ನಪ್ಪ."

"ಗುಣಾ ಆಗತೈತೇನ ಬೇ?"

"ಆಗ್ಲಾರದ ಏನ?"

"ನನಗೂ ಮರಾಠಿ ತಿಳೀತೈತಿ ಯವ್ವಾ," ಎಂದ ಜಕ್ಕಪ್ಪ. "ಬಾಗಲದಾಗ ನಿಂತ ಮಾತಾಡಿದ್ರ ಒಳಗ ಕೇಳೂದಿಲ್ಲೇನ?"

ಸಾತವ್ವ ಪಟ್ಟಿಯ ತುದಿ ಸಿಕ್ಕಿಸಿ ಗಂಟು ಹಾಕಿದಳು. ಕಾಮಣ್ಣ ತನ್ನ ನಾಯಿಯ ಕಿವಿಯಲ್ಲಿ ಉಣ್ಣಿ ಹುಡುಕತೊಡಗಿದ.

"ಖರೆ ಹೇಳಲಿಲ್ಲ ನಾ ಡಾಕ್ಟರ ಮುಂದ," ಎಂದಳು ಸಾತವ್ವ. "ನಿನ್ನ ಮ್ಯಾಲ ಹಾಕಿದೆ. ಕಂಬಳಿ ಕಸಕೊಂಡಾಕಿ ನಾನು. ಬಿಸಲಿಗೆ ನಡಿ ಅಂತ ದಬ್ಬಿದಾಕಿ ನಾನು. ನನ್ನ ಕೈಯಾರ ನಿನ್ನ ಸುಟ್ಟೆನೋ ಜಕ್ಕಪ್ಪ."

ಜಕ್ಕಪ್ಪ ತನ್ನ ಮುಂಗೈಯನ್ನು ಕಣ್ಣಿನ ತೀರ ಹತ್ತಿರ ತಂದು ನೋಡಿಕೊಂಡ.

"ನಾನೂ ಚುಕ್ಕಿ ಎಣಸತಿದ್ದೆ ಬೇ," ಎಂದ. "ನೀ ಮಲಗಿದ ಮ್ಯಾಲ ಕಂದೀಲ ಹಚ್ಚಿ ಎಣಸತಿದ್ದೆ. ಎಲ್ಲಾ ಕೂಡಿ ಒಂದ ಆದ್ರ ನಮ್ಮ ಅಪ್ಪನ ಬಣ್ಣ ಬರತೈತಿ ಅಂತ ತಿಳದಿದ್ದೆ." ಆಮೇಲೆ ಹೇಳಿದ, "ಇವತ್ತೊಂದ ದಿನ ಬಿಡ. ಹೀರಿ ಹೋದ ತಿಂಗಳಿಂದ ಕಟ್ಟಿದಲ್ಲೇ ಐತಿ. ನಾಳಿಂದ ನೀ ಹೇಳಿದಂಗ ಕೂಡತೇನಿ."

ಸಾತವ್ವ ಎದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ಜಂತಿಯ ಮೇಲಿನ ಕಂಬಳಿ ಎಳೆದು ಕೊಡವಿದಳು. "ನಡೀರಿ. ನಾನೂ ಬರ್ತೇನಿ."

ಕಾಮಣ್ಣ ಗಾಬರಿಯಾದ. "ಚಿಗವ್ವ, ಹೆಣ್ಣಮಕ್ಕಳ ಬ್ಯಾಟಿಗೆ ಬಂದ್ರ ಮೊಲಾ ಸಿಗೂದಿಲ್ಲಂತಾರ."

"ಸಿಗಲಿಲ್ಲಂದ್ರ ನಿನ್ನ ಹೇಣ್ತಿ ಕಾರಬ್ಯಾಳಿ ಮಾಡ್ತಾಳ. ಉಣ್ಣಂತಿ ನಡಿ."

ಹಳ್ಳದ ದಂಡೆಯ ಹೊಲಕ್ಕೆ ಹೋಗುವಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ಕರಿಮಣ್ಣು ಬಿರಿದು, ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಜಕ್ಕಪ್ಪ ಹೀರಿಯನ್ನು ರುಮಾಲಿನಲ್ಲಿ ಹಿಡಿದು ನಡೆದರೆ ಸಾತವ್ವ ಪಕ್ಕದಲ್ಲಿ ಕೈ ಎತ್ತಿ ಅವನ ತಲೆಯ ಮೇಲೆ ಕಂಬಳಿ ಹಿಡಿದು ನಡೆದಳು. ಅವನು ಅವಳಿಗಿಂತ ಒಂದು ಮೊಳ ಎತ್ತರ. ರಟ್ಟೆ ಸೋತವು, ಬಾಯಿ ಒಣಗಿತು, ಆದರೂ ಅವಳು ಕೈ ಇಳಿಸಲಿಲ್ಲ.

"ಎದ್ದತು! ಎದ್ದತು!" ಎಂದು ಕಾಮಣ್ಣ ಕೂಗಿದ. ಜಕ್ಕಪ್ಪ ರುಮಾಲಿನ ತುದಿ ಬಿಟ್ಟ. ಹೀರಿ ಹಾರಿತು, ಕಾಮಣ್ಣ ತನ್ನ ನಾಯಿಯನ್ನೂ ಬಿಟ್ಟು, ಹೋ ಎಂದು ಕೂಗುತ್ತ ಹಿಂದೆ ಓಡಿದ. ಹೊಲದ ನಡುವೆ ತಾಯಿ ಮಗ ಇಬ್ಬರೇ ಉಳಿದರು.

"ಎಲ್ಲಿ ಅದಾವ?" ಎಂದು ಜಕ್ಕಪ್ಪ ಕೇಳಿದ.

ನಾಯಿಗಳು ಹೋದದ್ದು ಹಳ್ಳದ ಕಡೆಗೆ. ಅವನು ಮುಖ ಮಾಡಿ ನಿಂತದ್ದು ಊರ ಕಡೆಗೆ. ಬಿಳಿಯ ರೆಪ್ಪೆಗಳು ಬಿಸಿಲಿಗೆ ಮುಚ್ಚಿಹೋಗಿ ಕಣ್ಣಿಂದ ನೀರು ಸುರಿಯುತ್ತಿತ್ತು.

"ನಿನಗ ಕಾಣೂದಿಲ್ಲೇನೋ?"

"ಬಿಸಲಾಗ ಎಲ್ಲಾ ಬೆಳ್ಳಗ ಆಗತೈತಿ ಬೇ. ಕಾಮಣ್ಣ ನನ್ನ ಕೈ ಹಿಡಕೊಂಡ ಓಡಕೋತ ಹೇಳತಿದ್ದ. ಇವತ್ತ ನೀ ಅದಿ ಅಂತ ಬಿಟ್ಟ ಹೋದ." ಅವನಿಗೆ ತಡೆಯಲಾಗುತ್ತಿರಲಿಲ್ಲ. "ಲಗೂನ ಹೇಳ ಯವ್ವಾ, ಎಲ್ಲೈತಿ ನಮ್ಮ ಹೀರಿ?"

ಇಪ್ಪತ್ತಾರು ವರ್ಷ ಸಾಕಿದ ಮಗ. ಇದೊಂದು ಅವಳಿಗೆ ಗೊತ್ತೇ ಇರಲಿಲ್ಲ. ಅಳುವುದಕ್ಕೂ ಹೊತ್ತಿರಲಿಲ್ಲ. ಅವಳು ಅವನ ಭುಜ ಹಿಡಿದು ಹಳ್ಳದ ಕಡೆಗೆ ತಿರುಗಿಸಿದಳು.

"ಮೊಲಾ ಮುಂದೈತಿ. ಹೀರಿ ಹಿಂದ. ಕಾಮಣ್ಣಂದು ಬಾಳ ಹಿಂದ ಉಳೀತು."

"ಹೆಂಗ ಓಡಾಕತ್ತೈತಿ?"

"ಹೊಟ್ಟಿ ನೆಲಕ್ಕ ಹತ್ತಿದಂಗ. ಕಾಲ ಕಾಣವಲ್ವು. ಮೊಲಾ ತಿರಗ್ತು... ಹೀರಿ ಜಾರ್ತು... ಇಲ್ಲಿಲ್ಲ, ಎದ್ದತು, ಮತ್ತ ಬೆನ್ನ ಹತ್ತೇತಿ."

ಜಕ್ಕಪ್ಪ ಜೋರಾಗಿ ನಕ್ಕ. ನಕ್ಕಾಗ ಗಾಯ ಎಳೆದಿರಬೇಕು, ಕೊರಳು ಹಿಡಿದುಕೊಂಡ, ಆದರೂ ನಗು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಮೊಲ ದಂಡೆಯ ಪಾಪಾಸುಕಳ್ಳಿಯ ಸಂದಿಯಲ್ಲಿ ನುಸುಳಿ ಹೋಯಿತು. ನಾಯಿಗಳೆರಡೂ ಹಳ್ಳಕ್ಕೆ ಇಳಿದು ಮರೆಯಾದವು.

"ಮುಂದ?" ಎಂದ ಜಕ್ಕಪ್ಪ.

ಸಾತವ್ವ ಖಾಲಿ ಹೊಲ ನೋಡುತ್ತ ಹೇಳಿದಳು: "ಮತ್ತ ತಿರಗ್ತ ನೋಡ. ಈಗ ಆಲದ ಗಿಡದ ಕಡೆ ಬರಾಕತ್ತೈತಿ. ಹೀರಿ ಬಿಡವಲ್ತ."

ಕಾಮಣ್ಣ ಹಳ್ಳದಿಂದ ಮೇಲೆ ಬಂದ. ಎರಡೂ ನಾಯಿಗಳ ಕೊರಳಪಟ್ಟಿ ಹಿಡಿದುಕೊಂಡಿದ್ದ, ಮೊಲ ತಪ್ಪಿತೆಂದು ಕೂಗಲು ಬಾಯಿ ತೆರೆದ. ಸಾತವ್ವ ಒಂದು ಕೈಯಲ್ಲಿ ಕಂಬಳಿ ಹಿಡಿದು, ಇನ್ನೊಂದು ಕೈ ಎತ್ತಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದಳು. ಅವನು ನಿಂತ. ನಾಯಿಗಳು ನಾಲಿಗೆ ಚಾಚಿ ಅವನ ಕಾಲ ಬಳಿ ಕೂತವು.

"ಈಗ ಹೀರಿಗೂ ಮೊಲಕ್ಕೂ ಎಷ್ಟ ದೂರ ಐತಿ ಬೇ?"

"ಒಂದ ಮಾರ," ಎಂದಳು ಸಾತವ್ವ. "ಬರೇ ಒಂದ ಮಾರ ಐತಿ ನನ್ನಪ್ಪ."