ಖಾಲಿ ಬಿಟ್ಟ ಕಾಲಂ

ನಮ್ಮದು ಔಷಧಿ ತುಂಬುವ ಗಾಜಿನ ಬಾಟಲಿ ಮಾಡುವ ಕಂಪನಿ. ಅದರ ಹನ್ನೊಂದು ವಿಭಾಗಗಳು ಹನ್ನೊಂದು ಬಗೆಯಲ್ಲಿ ಬರೆದಿಡುತ್ತಿದ್ದ ಮಾಹಿತಿಯನ್ನೆಲ್ಲ ಒಂದೇ ಡೇಟಾ ವೇದಿಕೆಗೆ ತಂದವನು ನಾನು. ಹದಿನಾಲ್ಕು ತಿಂಗಳ ಕೆಲಸ. ಕುಲುಮೆಯ ಬಿಸಿಯಿಂದ ಹಿಡಿದು ಲಾರಿ ಹೊರಟ ಗಳಿಗೆಯವರೆಗೆ ಎಲ್ಲವೂ ಒಂದು ಪರದೆಯ ಮೇಲೆ ಕಾಣುವಂತಾದಾಗ ನನಗೆ ಎರಡು ಕೊಂಬು ಬಂದಿದ್ದವು. ಕ್ಯಾಂಟೀನಿನ ಸಾಲಿನಲ್ಲೂ ಎದೆ ಉಬ್ಬಿಸಿಕೊಂಡೇ ನಿಲ್ಲುತ್ತಿದ್ದೆ.

ತಪಾಸಣೆ ವಿಭಾಗದ ಮುಖ್ಯಸ್ಥೆ ನನ್ನ ಚಿಕ್ಕಮ್ಮ. ಇಪ್ಪತ್ತಾರು ವರ್ಷದಿಂದ ದೀಪದ ಮೇಜಿನ ಮುಂದೆ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಟಲಿಯಲ್ಲಿ ಬಿರುಕು, ಗುಳ್ಳೆ ಹುಡುಕುವವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳೂ ಅವಳೇ. ಮಾಹಿತಿ ಸಂಗ್ರಹಿಸಲು ಹೋದಾಗ ಅವಳ ರಿಜಿಸ್ಟರ್ ತೆರೆದರೆ ಮುಕ್ಕಾಲು ಪಾಲು ಖಾಲಿ.

"ಏನ್ ಚಿಕ್ಕಮ್ಮ, ಇಷ್ಟೊಂದು ರಜಾನಾ?" ಎಂದು ಕಿಚಾಯಿಸಿದೆ.

"ಮಂಗ, ದೋಷ ಸಿಕ್ಕಿದ್ರೆ ಬರೀತೀವಿ. ಎಲ್ಲಾ ಸರಿಯಿದ್ರೆ ಏನಂತ ಬರೀಲಿ? ಇಲ್ಲಿ ಖಾಲಿ ಅಂದ್ರೆ ನೋಡಿದೀವಿ, ಚೆನ್ನಾಗಿದೆ ಅಂತ."

ನಕ್ಕೆ, ತಲೆಯಾಡಿಸಿದೆ. ಆದರೆ ನಾನು ಕಟ್ಟಿದ ವೇದಿಕೆ ಖಾಲಿ ಕಾಲಂ ಒಪ್ಪುತ್ತಿರಲಿಲ್ಲ, ಗಡುವು ಬೇರೆ ನೆತ್ತಿಯ ಮೇಲೆ ಕೂತಿತ್ತು. ಹನ್ನೊಂದೂ ವಿಭಾಗಕ್ಕೆ ಒಂದೇ ನಿಯಮ ಹಾಕಿದೆ: ಖಾಲಿ ಇದ್ದರೆ 'ಕೆಲಸ ಆಗಿಲ್ಲ'. ಆಮೇಲೆ ಸರಿಮಾಡೋಣ ಅಂದುಕೊಂಡವನು ಮರೆತೇಬಿಟ್ಟೆ.

ವೇದಿಕೆ ಶುರುವಾದ ಮೂರನೇ ತಿಂಗಳ ಸಭೆಯಲ್ಲಿ ಕಂಪನಿಯ ಎಂಡಿ ತಪಾಸಣೆ ವಿಭಾಗದ ಪುಟ ತೆರೆಸಿದರು. ಪರದೆ ಪೂರ್ತಿ ಕೆಂಪು. ನೂರು ಪಾಳಿಗಳಲ್ಲಿ ಎಪ್ಪತ್ತೊಂದರಲ್ಲಿ ತಪಾಸಣೆಯೇ ಆಗಿಲ್ಲ! ನನ್ನ ಎದೆ ಧಸಕ್ಕೆಂದಿತು. ತಪ್ಪು ಯಾರದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

"ನೋಡಿ, ಇದಕ್ಕೇ ನಾನು ಡೇಟಾ ಬೇಕು ಅಂತಿದ್ದಿದ್ದು," ಎಂದು ಎಂಡಿ ನನ್ನ ಭುಜ ತಟ್ಟಿದರು. "ಇನ್ಮೇಲೆ ಬಾಯಿಮಾತಿಲ್ಲ, ಅಂಕಿ ನೋಡೇ ತೀರ್ಮಾನ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಳಲು ನಾಚಿಕೆಯಾಗುತ್ತದೆ, ನಾನೂ ತಟ್ಟಿದೆ.

ಚಿಕ್ಕಮ್ಮನನ್ನು ಕರೆಸಿದರು. ಏಪ್ರನ್ ಕೂಡ ಬಿಚ್ಚದೆ ಬಂದಳು.

"ಈ ಪಾಳಿಗಳಲ್ಲಿ ಬಾಟಲಿ ನೋಡಿದ್ದಕ್ಕೆ ಏನಾದ್ರೂ ದಾಖಲೆ ಇದೆಯಾ?" ಎಂಡಿ ಕೇಳಿದರು.

ಅವಳು ನನ್ನತ್ತ ನೋಡಿದಳು. ನಾನು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿ, ಸುಮ್ಮಸುಮ್ಮನೆ ಕೀಲಿ ಒತ್ತುತ್ತ ಕೂತೆ.

"ದಾಖಲೆ ಇಲ್ಲ ಸರ್. ನೋಡಿದ್ದಂತೂ ನಿಜ."

"ಹಾಗಾದ್ರೆ ನಾಳೆಯಿಂದ ಬರೋದು ಬೇಡ."

ಅವಳ ಹಿಂದೆಯೇ ಓಡಿದೆ. ಮೆಟ್ಟಿಲ ಬಳಿ ನಿಂತು ಏಪ್ರನ್ ಬಿಚ್ಚಿ ಮಡಚುತ್ತಿದ್ದಳು.

"ಖಾಲಿ ಅಂದ್ರೆ ಏನು ಅಂತ ನಿಂಗೆ ಹೇಳಿದ್ದೆ. ಅಲ್ಲೇ ಅದನ್ನ ಅಂದ್ಬಿಟ್ರೆ ನಿನ್ನ ಕೆಲ್ಸಕ್ಕೆ ಸಂಚಕಾರ ಅಂತ ಸುಮ್ನಿದ್ದೆ. ನೀನೇ ಹೇಳ್ತೀಯ ಅಂತ ಕಾದೆ ಕಣೋ."

ದನಿ ಏರಿಸಲಿಲ್ಲ. ಕಪಾಳಕ್ಕೆ ಎರಡು ಬಿಗಿದಿದ್ದರೂ ಚೆನ್ನಾಗಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲಿಂದಲೇ ತಿರುಗಿ ಎಂಡಿಯ ಕೋಣೆಗೆ ಹೋಗಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರನ್ನ ಈಗಲೇ ವಾಪಸ್ ಕರೀತೀನಿ," ಎಂದರು. ಹೋದ ಜೀವ ಬಂದಂತಾಯಿತು. ಎದ್ದು ಹೊರಡಬೇಕು, ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು.

"ಈ ನಿಯಮ ಎಲ್ಲಾ ವಿಭಾಗಕ್ಕೂ ಹಾಕಿದೀಯ ಅಂದ್ಯಲ್ಲ. ಹೋದ ತಿಂಗಳು ಇದೇ ಪರದೆ ನೋಡಿ ಗೋದಾಮಿನ ಇಬ್ಬರನ್ನ ಕೆಲಸದಿಂದ ತೆಗೆದ್ವಿ. ಅವರ ರಿಜಿಸ್ಟರಿನಲ್ಲಿ ಖಾಲಿ ಅಂದ್ರೆ ಏನು?"

ನಾನು ಗೋದಾಮಿನ ಆ ಇಬ್ಬರ ಪಕ್ಕ ಕೂತು ಅದನ್ನು ಕೇಳಿಯೇ ಇರಲಿಲ್ಲ. ಅವರನ್ನು ತೆಗೆದ ಸಭೆಯಲ್ಲೂ ನಾನಿದ್ದೆ. ಅಂದು ನನ್ನ ಎದೆ ಧಸಕ್ಕೆಂದಿರಲಿಲ್ಲ. ಅವರಿಬ್ಬರೂ ನನಗೆ ಏನೂ ಆಗಬೇಕಿರಲಿಲ್ಲವಲ್ಲ. ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ.

"ಗೊತ್ತಿಲ್ಲ ಸರ್," ಎಂದೆ.

ಎಂಡಿ ಫೋನ್ ಎತ್ತಿ ಇಬ್ಬರ ವಿಳಾಸ ತರಿಸಿ, ಚೀಟಿಯನ್ನು ನನ್ನ ಮುಂದೆ ತಳ್ಳಿದರು.

"ನೀನೇ ಹೋಗಿ ಕೇಳ್ಕೊಂಡು ಬಾ."